ಚಳಿಯಲ್ಲಿ ಏರ್‌ ರೈಫಲ್‌: ಅನಿಲ ನಿಯಮದ ಪಾಠ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಧ್ಯಾಹ್ನ ಗುರಿ ಮುಟ್ಟಿದ ಏರ್‌ ರೈಫಲಿನ ಗುಂಡು ಡಿಸೆಂಬರಿನ ಮುಂಜಾವಿನಲ್ಲಿ ತುಸು ಕೆಳಗೆ ಬೀಳಬಹುದು. ಏಕೆ?

ಅನಿಲದ ಒತ್ತಡಕ್ಕೂ ಗಾತ್ರಕ್ಕೂ ಇರುವ ಸಂಬಂಧವನ್ನು ರಾಬರ್ಟ್‌ ಬಾಯ್ಲ್‌ 1662ರಲ್ಲಿ ಪ್ರಕಟಿಸಿದ. 1780ರ ಸುಮಾರಿಗೆ ಆಸ್ಟ್ರಿಯದ ಸೇನೆಗೆ ಬಂದ ಜಿರಾಂಡೋನಿ ರೈಫಲಿನ ಹಿಂಬದಿಯೇ ಗಾಳಿ ತುಂಬುವ ಪಾತ್ರೆಯಾಗಿತ್ತು. ಕಾಯ್ದಾಗ ಎಲ್ಲ ಅನಿಲಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆಂದು ಗೇ-ಲುಸಾಕ್‌ 1802ರಲ್ಲಿ ತೋರಿಸಿದ.

ಈಗ ನೀವೇ ಲೆಕ್ಕ ಹಾಕಿ. ಮುಚ್ಚಿದ ಸಿಲಿಂಡರಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಿಂದ (303 ಕೆಲ್ವಿನ್‌) 15ಕ್ಕೆ (288 ಕೆಲ್ವಿನ್‌) ತಣಿದರೆ ಒತ್ತಡ ಶೇಕಡ 5ರಷ್ಟು ಇಳಿಯುತ್ತದೆ. ದ್ರವ ಕಾರ್ಬನ್‌ ಡೈಆಕ್ಸೈಡ್‌ ತುಂಬಿದ್ದರೆ ಅದರ ಆವಿಯ ಒತ್ತಡ ಸುಮಾರು 72 ಬಾರ್‌ನಿಂದ 51ಕ್ಕೆ, ಅಂದರೆ ಶೇಕಡ 29ರಷ್ಟು, ಕುಸಿಯುತ್ತದೆ. ಸ್ಪ್ರಿಂಗ್‌ ರೈಫಲಿನಲ್ಲಿ ಮೊದಲೇ ತುಂಬಿಟ್ಟ ಅನಿಲವಿಲ್ಲ. ಅಲ್ಲಿ ಚಳಿಗೆ ಗಟ್ಟಿಯಾಗುವ ಗ್ರೀಸನ್ನಷ್ಟೇ ಗಮನಿಸಬೇಕು.

ಏರ್‌ ರೈಫಲ್‌ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. 1990ರ ದಶಕದಲ್ಲಿ ಸ್ಪರ್ಧಾ ರೈಫಲುಗಳು ಕಾರ್ಬನ್‌ ಡೈಆಕ್ಸೈಡ್‌ ಬಿಟ್ಟು ಸಂಪೀಡಿತ ಗಾಳಿಗೆ ಹೊರಳಲು ಈ ಏರಿಳಿತವೂ ಒಂದು ಕಾರಣ. ಆದ್ದರಿಂದ ಚಳಿಗೆ ಸಂಪೀಡಿತ ಗಾಳಿ ಅಥವಾ ಸ್ಪ್ರಿಂಗ್‌ ರೈಫಲನ್ನೇ ಆರಿಸಿ. ಗುರಿಯನ್ನು ಆ ಚಳಿಯಲ್ಲೇ ಹೊಂದಿಸಿಕೊಳ್ಳಿ.

ಗುರಿ ಮಾತ್ರ ಕಾಗದದ್ದೇ ಇರಲಿ. ಚಳಿಗಾಲದಲ್ಲೇ ಘಟಪ್ರಭಾ ಪಕ್ಷಿಧಾಮಕ್ಕೆ ವಲಸೆ ಹಕ್ಕಿಗಳು ಬರುತ್ತವೆ. ಅವುಗಳ ಬೇಟೆ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.