ಸೂರತ್ ಊರು ಮತ್ತು ತಾಪಿ ನದಿಯ ಲೆಕ್ಕ

ಜಪಾನಿನ ಊರುಗಳ ಬಗ್ಗೆ ಮಾಡಿದ ಸರಣಿ ನೋಡಿದವರು ಒಬ್ಬರು ಕೇಳಿದ್ರು: "ನೀವು ಇರೋದು ಗುಜರಾತ್‌ನಲ್ಲಿ, ಅಲ್ಲಿನ ಊರುಗಳನ್ನ ಯಾಕೆ ಬಿಟ್ಟಿದ್ದೀರಿ?" ನ್ಯಾಯವಾದ ಪ್ರಶ್ನೆ. ನಾನು ಅಹಮದಾಬಾದ್‌ಗೆ ಬಂದು ಆರು ವರ್ಷ ಆಯ್ತು. ಕೆಲಸದ ಮೇಲೆ ತಿಂಗಳಿಗೊಮ್ಮೆಯಾದ್ರೂ ಸೂರತ್‌ಗೆ ರೈಲು ಹತ್ತುತ್ತೇನೆ. ವಡೋದರಾ ಸಿಗೋಕೆ ಮುಂಚೆ ಮಹೀ ನದಿ, ಭರೂಚ್‌ನಲ್ಲಿ ನರ್ಮದೆ, ಇನ್ನೇನು ಸೂರತ್ ಸ್ಟೇಷನ್ ಬಂತು ಅನ್ನುವಾಗ ತಾಪಿ. ಬೇಸಿಗೆಯಲ್ಲಿ ಆ ಸೇತುವೆ ಮೇಲಿಂದ ನೋಡಿದ್ರೆ ತಾಪಿ ಅಂಥ ದೊಡ್ಡ ನದಿ ಅನ್ನಿಸೋದೇ ಇಲ್ಲ. ಈ ನದಿ ಒಂದು ಊರನ್ನ ಮೊಘಲರ ಕಾಲದ ಅತಿ ಶ್ರೀಮಂತ ಬಂದರು ಮಾಡಿತು, ಅದೇ ಊರನ್ನ ಮತ್ತೆ ಮತ್ತೆ ಮುಳುಗಿಸಿತು ಅಂದ್ರೆ ನಂಬೋದು ಕಷ್ಟ. ಇವತ್ತು ಮಾತಾಡೋದು ಆ ಬಗ್ಗೆ.

ಮೊದಲು ನಕ್ಷೆ. ತಾಪಿ ಹುಟ್ಟೋದು ಮಧ್ಯಪ್ರದೇಶದ ಬೇತುಲ್ ಜಿಲ್ಲೆಯ ಮುಲ್ತಾಯಿಯಲ್ಲಿ. ಅಲ್ಲಿಂದ 724 ಕಿಲೋಮೀಟರ್ ಪಶ್ಚಿಮಕ್ಕೆ ಹರಿದು, ಮಹಾರಾಷ್ಟ್ರದ ಖಾನ್‌ದೇಶವನ್ನ ದಾಟಿ, ಪೂರ್ಣಾ, ಗಿರ್ಣಾ ಮುಂತಾದ ಉಪನದಿಗಳನ್ನ ಸೇರಿಸಿಕೊಂಡು ಖಂಭಾತ್ ಕೊಲ್ಲಿಗೆ ಬೀಳುತ್ತೆ. ಸೂರತ್ ಇರೋದು ಸಮುದ್ರದ ದಂಡೆಯಲ್ಲಲ್ಲ, ನದಿಯ ಮೂಲಕ ಸುಮಾರು 20 ಕಿಲೋಮೀಟರ್ ಒಳಗೆ. ಈ 20 ಕಿಲೋಮೀಟರನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹವಾಮಾನದ ವಿಷಯದಲ್ಲಿ ಸೂರತ್ ನನಗೆ ಅಹಮದಾಬಾದ್‌ಗಿಂತ ಸಹ್ಯ. ಸಮುದ್ರ ಹತ್ತಿರ ಇರೋದ್ರಿಂದ ಏಪ್ರಿಲ್, ಮೇ ತಿಂಗಳ ಉರಿ ಸ್ವಲ್ಪ ಕಡಿಮೆ, ಬೆವರು ಮಾತ್ರ ಜಾಸ್ತಿ. ವರ್ಷದ ಮಳೆ ಸುಮಾರು 1,200 ಮಿಲಿಮೀಟರ್, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಂಗಳೂರಿಗೆ ಇದರ ಸುಮಾರು ಮೂರು ಪಟ್ಟು ಮಳೆ ಬೀಳುತ್ತೆ. ಹಾಗಾದ್ರೆ ಇಷ್ಟು ಮಳೆಗೆ ಊರು ಮುಳುಗೋದು ಹೇಗೆ?

ಉತ್ತರ ಏನಂದ್ರೆ, ಸೂರತ್ ಮುಳುಗೋದು ಸೂರತ್‌ನ ಮಳೆಯಿಂದ ಅಲ್ಲ. ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ವಾಯುಭಾರ ಕುಸಿತಗಳು ಮಧ್ಯಭಾರತದ ಮೇಲೆ ಪಶ್ಚಿಮದ ಕಡೆಗೆ ಸಾಗುತ್ತವೆ. ತಾಪಿಯೂ ಪಶ್ಚಿಮಕ್ಕೇ ಹರಿಯುತ್ತೆ. ಅಂದ್ರೆ ಮೋಡ ಮತ್ತು ನೀರು ಒಂದೇ ದಿಕ್ಕಿನಲ್ಲಿ ಜೊತೆಜೊತೆಯಾಗಿ ಪ್ರಯಾಣ ಮಾಡ್ತವೆ. ಬೇತುಲ್‌ನಲ್ಲಿ ಬಿದ್ದ ಮಳೆಯ ನೀರು ಜಳಗಾಂವ್ ಹತ್ತಿರ ಬರೋ ಹೊತ್ತಿಗೆ ಮೋಡವೂ ಅಲ್ಲಿಗೆ ಬಂದಿರುತ್ತೆ. ಅಲ್ಲಿನ ಉಪನದಿಗಳೂ ಆಗಲೇ ಉಕ್ಕಿರುತ್ತವೆ. ಒಂದರ ಮೇಲೊಂದು ಕೂಡಿಕೊಂಡು ಕೊನೆಗೆ ಎಲ್ಲಾ ನೀರೂ ಒಟ್ಟಿಗೆ ಕೆಳಗೆ ಬರುತ್ತೆ. ನಮ್ಮ ಕೃಷ್ಣಾ, ಕಾವೇರಿ ಪೂರ್ವಕ್ಕೆ ಹರಿಯೋದ್ರಿಂದ ಈ ಕಷ್ಟ ಹೀಗೆ ಬರಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲಾ ರಿಕ್ವೆಸ್ಟುಗಳೂ ಒಂದೇ ಸೆಕೆಂಡಿಗೆ ಒಂದೇ ಸರ್ವರ್‌ಗೆ ಬಂದ ಹಾಗೆ.

ಸರ್ವರ್ ಇರೋ ಜಾಗ ಕೂಡ ಸರಿಯಿಲ್ಲ. ಖಂಭಾತ್ ಕೊಲ್ಲಿ ಲಾಳಿಕೆಯ ಆಕಾರದಲ್ಲಿದೆ, ಅದಕ್ಕೇ ಅಲ್ಲಿ ಭರತ ತುಂಬಾ ಎತ್ತರ. ಎದುರು ದಂಡೆಯ ಭಾವನಗರದಲ್ಲಿ ದೊಡ್ಡ ಭರತಕ್ಕೆ ನೀರು 10 ಮೀಟರ್‌ಗೂ ಹೆಚ್ಚು ಏರಿಳಿಯುತ್ತೆ. ಹುಣ್ಣಿಮೆ, ಅಮಾವಾಸ್ಯೆಯ ಭರತ ಸೂರತ್ ಕಡೆಯ ಅಳಿವೆಗೂ ನುಗ್ಗುತ್ತೆ. ಆ ಹೊತ್ತಲ್ಲೇ ನೆರೆ ಬಂದ್ರೆ ನೀರಿಗೆ ಹೊರಗೆ ಹೋಗೋ ಬಾಗಿಲೇ ಅರ್ಧ ಮುಚ್ಚಿದ ಹಾಗೆ.

ಇಂಥ ಜಾಗದಲ್ಲಿ ಯಾರು ಊರು ಕಟ್ಟಿದ್ರು, ಯಾಕೆ ಕಟ್ಟಿದ್ರು? ನನಗೆ ಇತಿಹಾಸದಲ್ಲಿ ಇಷ್ಟವಾಗೋದೇ ಈ ಥರದ ಪ್ರಶ್ನೆ. ಆ 20 ಕಿಲೋಮೀಟರ್ ದೂರ ಆಗಿನ ಕಾಲಕ್ಕೆ ಒಂದು ಅನುಕೂಲವೂ ಹೌದು. ತಾಪಿಯ ಬಾಯಲ್ಲಿ ಮರಳಿನ ದಿಬ್ಬಗಳು, ಆಳ ಕಡಿಮೆ. ಶತ್ರುವಿನ ದೊಡ್ಡ ಯುದ್ಧನೌಕೆ ಸಲೀಸಾಗಿ ಊರಿನ ತನಕ ಬರೋಕಾಗಲ್ಲ, ವ್ಯಾಪಾರಿಗಳ ಚಿಕ್ಕ ದೋಣಿ ಬರುತ್ತೆ. ಹಿಂದೆ ಖಾನ್‌ದೇಶದ ಹತ್ತಿ, ಬುರ್ಹಾನ್‌ಪುರದಿಂದ ಆಗ್ರಾ ತನಕ ದಾರಿ. 16ನೇ ಶತಮಾನದ ಶುರುವಿನಲ್ಲಿ ಮಲಿಕ್ ಗೋಪಿ ಅನ್ನೋ ಶ್ರೀಮಂತ ಇಲ್ಲಿ ಕಟ್ಟಿಸಿದ ಕೆರೆ, ಗೋಪಿ ತಲಾವ್, ಈಗಲೂ ಇದೆ. ಸಂಜೆ ಹೊತ್ತು ಮಕ್ಕಳ ಗಲಾಟೆ ಜೋರು. ಆದರೆ ಪೋರ್ಚುಗೀಸರು ಆಳ ಕಡಿಮೆ ಅಂತ ಸುಮ್ಮನಿರಲಿಲ್ಲ. 1512ರಲ್ಲಿ, ಮತ್ತೆ 1530ರಲ್ಲಿ ಊರಿಗೆ ಬೆಂಕಿ ಇಟ್ಟರು. ಅದಾದ ಮೇಲೆ ಗುಜರಾತಿನ ಸುಲ್ತಾನರ ಕಡೆಯಿಂದ ಖುದಾವಂದ್ ಖಾನ್ ನದಿ ದಂಡೆಯಲ್ಲಿ ಕೋಟೆ ಕಟ್ಟಿಸಿದ, 1546ಕ್ಕೆ ಮುಗೀತು. 1573ರಲ್ಲಿ ಅಕ್ಬರ್ ಅದನ್ನ ಗೆದ್ದ.

ಅಲ್ಲಿಂದ ಸುಮಾರು ನೂರು ವರ್ಷ ಸೂರತ್‌ನದ್ದೇ ಕಾಲ. ಮೆಕ್ಕಾ ಯಾತ್ರೆಗೆ ಮೊಘಲ್ ಸಾಮ್ರಾಜ್ಯದ ಬಾಗಿಲು ಇದು. ದೊಡ್ಡ ಹಡಗುಗಳು ನದಿಯೊಳಗೆ ಬರೋಕಾಗದೆ ಹೊರಗಡೆ ಸುವಾಲಿ ಅನ್ನೋ ಕಡೆ, ಮರಳುದಿಬ್ಬದ ಮರೆಯಲ್ಲಿ ಲಂಗರು ಹಾಕ್ತಿದ್ವು. ಇಂಗ್ಲಿಷರ ಬಾಯಲ್ಲಿ ಅದು ಸ್ವಾಲಿ. 1612ರ ನವೆಂಬರ್‌ನಲ್ಲಿ ಅಲ್ಲೇ ಥಾಮಸ್ ಬೆಸ್ಟ್‌ನ ಹಡಗುಗಳು ಪೋರ್ಚುಗೀಸರನ್ನ ಹಿಮ್ಮೆಟ್ಟಿಸಿದ್ವು. ಮರುವರ್ಷ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್‌ನಲ್ಲಿ ಕೋಠಿ ಇಡೋ ಅನುಮತಿ ಸಿಕ್ತು.

ಮಾನ್ಸೂನ್ ಆಗ ಊರಿನ ಕ್ಯಾಲೆಂಡರ್. ಜೂನ್‌ನಿಂದ ಸಮುದ್ರ ಬಂದ್. ಕೆಂಪು ಸಮುದ್ರದ ಕಡೆಗೆ ಹೋಗೋ ಹಡಗು ಚಳಿಗಾಲದ ಗಾಳಿ ಮುಗಿಯೋದರೊಳಗೆ ಹೊರಡಬೇಕು, ವಾಪಸ್ ಬರೋದು ಮಳೆಗಾಲದ ಬಾಲ ಹಿಡಿದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಈ ಟೈಮ್‌ಟೇಬಲ್ ಕಡಲ್ಗಳ್ಳರಿಗೂ ಗೊತ್ತಿತ್ತು. 1695ರ ಸೆಪ್ಟೆಂಬರ್‌ನಲ್ಲಿ ಹೆನ್ರಿ ಎವ್ರಿ ಔರಂಗಜೇಬನ ಗಂಜ್-ಎ-ಸವಾಯಿ ಹಡಗನ್ನ ದೋಚಿದ್ದು ಅದು ಹೀಗೆ ಸೂರತ್‌ಗೆ ವಾಪಸ್ ಬರ್ತಿದ್ದಾಗ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ ಅಂತ ಗೊತ್ತು. ಇದೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ನೆನಪಿದ್ಯಾ, ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಕಾಲದ ಕೆಳದಿ ರಾಜ್ಯದ ಬಗ್ಗೆ ಬರೆದವನು? ಅವನು ಭಾರತಕ್ಕೆ ಕಾಲಿಟ್ಟಿದ್ದು 1623ರ ಫೆಬ್ರವರಿಯಲ್ಲಿ, ಸೂರತ್‌ನಲ್ಲಿ. ಅದೇ ವರ್ಷದ ಕೊನೆಗೆ ಇಕ್ಕೇರಿ ತಲುಪಿದ. ನಮ್ಮ ಕಾರವಾರದಲ್ಲಿ ಮೆಣಸು ಕೊಳ್ಳೋಕೆ ಇಂಗ್ಲಿಷರು ಇಟ್ಟಿದ್ದ ಕೋಠಿಗೂ ಆಗಿನ ಹೆಡ್ ಆಫೀಸು ಸೂರತ್ತೇ.

1664ರ ಜನವರಿಯಲ್ಲಿ ಶಿವಾಜಿ ಸೂರತ್‌ಗೆ ಬಂದಿದ್ದು ಎಲ್ಲರಿಗೂ ಗೊತ್ತು. ದಾರಿ ಒಣಗಿರೋ ತಿಂಗಳು, ಗೋದಾಮು ತುಂಬಿರೋ ತಿಂಗಳು. ಊರಿನ ಸುತ್ತ ಆಗ ಗಟ್ಟಿ ಗೋಡೆ ಇರಲಿಲ್ಲ. ಸುಬೇದಾರ ಇನಾಯತ್ ಖಾನ್ ಕೋಟೆಯೊಳಗೆ ಸೇರಿಕೊಂಡ, ಊರು ಹೊರಗೆ ಉಳೀತು. ಕಂಪನಿಗೇ ಸಾಲ ಕೊಡ್ತಿದ್ದ ವೀರ್ಜಿ ವೋರಾ ಅನ್ನೋ ಸಾಹುಕಾರನ ಮನೆ ಲೂಟಿಯಾಯ್ತು. ಇಂಗ್ಲಿಷರು ಮತ್ತು ಡಚ್ಚರು ತಮ್ಮ ತಮ್ಮ ಕೋಠಿ ಮಾತ್ರ ಕಾಪಾಡಿಕೊಂಡರು. ಇಷ್ಟು ಶಾಲೆಯಲ್ಲಿ ಓದಿರ್ತೀವಿ. ನಾವು ಮರೆಯೋದು ಏನಂದ್ರೆ, ಮರುವರ್ಷ 1665ರ ಫೆಬ್ರವರಿಯಲ್ಲಿ ಅವನ ಹಡಗುಗಳು ನಮ್ಮ ಕುಂದಾಪುರದ ಹತ್ತಿರದ ಬಸರೂರಿಗೂ ಬಂದವು. ಬಸರೂರೂ ಸೂರತ್ ಥರಾನೇ: ಸಮುದ್ರದಿಂದ ಸ್ವಲ್ಪ ಒಳಗೆ, ನದಿ ದಂಡೆಯ ಶ್ರೀಮಂತ ಬಂದರು. ಸೂರತ್‌ಗೆ ಭೂಮಿ ಕಡೆಯಿಂದ ಬಂದವನು ಬಸರೂರಿಗೆ ನೀರಿನ ಕಡೆಯಿಂದ ಬಂದ. ನೀರಿನ ಕಡೆಯಿಂದ ಬರೋರನ್ನ ತಡೆಯೋಕೆ ಒಳಗೆ ಸರಿದು ಕೂತ ಊರಿಗೆ ಬೆನ್ನ ಹಿಂದಿನ ಕಾವಲು ಇರಲಿಲ್ಲ ಅನ್ನೋದು ನನ್ನ ಓದು. 1670ರಲ್ಲಿ ಎರಡನೇ ಸಲ ಸೂರತ್ ಲೂಟಿಯಾಯ್ತು.

ಆದರೆ ಸೂರತ್‌ನ್ನ ಇಳಿಸಿದ್ದು ಎರಡು ಲೂಟಿಗಳಲ್ಲ ಅಂತ ನನ್ನ ಅಭಿಪ್ರಾಯ. ಅದಾದ ಮೇಲೂ ಎಷ್ಟೋ ದಶಕ ವ್ಯಾಪಾರ ಚೆನ್ನಾಗಿಯೇ ನಡೀತು. ಇಳಿಸಿದ್ದು ಹೂಳು ಮತ್ತು ಮುಂಬೈ. ಹಡಗುಗಳು ದೊಡ್ಡದಾಗ್ತಾ ಹೋದ ಹಾಗೆ ತಾಪಿಯ ಬಾಯಿ ಸಾಲದಾಯ್ತು. ಮುಂಬೈಯ ಆಳವಾದ ಬಂದರು 1668ರಲ್ಲೇ ಕಂಪನಿಯ ಕೈಗೆ ಬಂದಿತ್ತು. 1687ರಲ್ಲಿ ಕಂಪನಿ ತನ್ನ ಮುಖ್ಯ ಕಚೇರಿಯನ್ನೇ ಅಲ್ಲಿಗೆ ಸಾಗಿಸಿತು. ಮೊಘಲರು ಬಲಹೀನರಾದ ಮೇಲೆ ಸೂರತ್‌ನ ಹಿಂದಿದ್ದ ಮಾರುಕಟ್ಟೆಯೂ ಕುಸೀತು. 1837ರ ಏಪ್ರಿಲ್‌ನಲ್ಲಿ ಭಾರಿ ಬೆಂಕಿ, 9 ಸಾವಿರಕ್ಕೂ ಹೆಚ್ಚು ಮನೆ ಸುಟ್ಟುಹೋದ್ವು; ಅದೇ ವರ್ಷ ಮಳೆಗಾಲದಲ್ಲಿ ತಾಪಿಯ ನೆರೆ. 1847ರ ಹೊತ್ತಿಗೆ ಜನಸಂಖ್ಯೆ 80 ಸಾವಿರಕ್ಕೆ ಇಳಿದಿತ್ತು ಅನ್ನುತ್ತೆ ಬ್ರಿಟಿಷ್ ಕಾಲದ ಅಂದಾಜು.

ಆ ವೈಭವದ ಕಾಲದಿಂದ ಉಳಿದಿರೋದರಲ್ಲಿ ನೋಡಬೇಕಾದ್ದು ಸ್ಮಶಾನಗಳು. ಇಂಗ್ಲಿಷರು, ಡಚ್ಚರು ಸತ್ತಮೇಲೂ ಪೈಪೋಟಿ ಬಿಟ್ಟಿಲ್ಲ, ಗುಮ್ಮಟದ ಮೇಲೆ ಗುಮ್ಮಟ ಕಟ್ಟಿಕೊಂಡು ಮಲಗಿದ್ದಾರೆ. ಡಚ್ಚರ ಕಡೆ ಇರೋ ಒಂದು ದೊಡ್ಡ ಗೋರಿ ಹೆಂಡ್ರಿಕ್ ವಾನ್ ರೀಡ್‌ನದ್ದು. ಮಲಬಾರಿನ ಗಿಡಮೂಲಿಕೆಗಳ ಮಹಾಗ್ರಂಥ 'ಹೋರ್ತುಸ್ ಮಲಬಾರಿಕುಸ್' ಮಾಡಿಸಿದವನು. ಆ ಕೆಲಸಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು.

ಈಗ 20ನೇ ಶತಮಾನಕ್ಕೆ ಹಾರೋಣ. ರೈಲು, ಜರಿ, ಮಗ್ಗಗಳು ಊರನ್ನ ಹೇಗೋ ಬದುಕಿಸಿದ್ವು, ಅದರ ವಿವರಕ್ಕೆ ಹೋಗಲ್ಲ. 1968ರ ಆಗಸ್ಟ್‌ನಲ್ಲಿ ತಾಪಿಯಲ್ಲಿ ಸುಮಾರು 15 ಲಕ್ಷ ಕ್ಯೂಸೆಕ್ಸ್ ನೀರು ಬಂತು. ಇದು ಎಷ್ಟು ಅಂದ್ರೆ, ನಮ್ಮ ಕೆಆರ್‌ಎಸ್ ಪೂರ್ತಿ ಖಾಲಿ ಇದ್ದರೂ ಸುಮಾರು 9 ತಾಸಿನಲ್ಲಿ ತುಂಬಿಬಿಡುತ್ತೆ. ಆಗಲೇ ಮೇಲ್ಗಡೆ ಉಕಾಯಿಯಲ್ಲಿ ಅಣೆಕಟ್ಟಿನ ಕೆಲಸ ನಡೀತಿತ್ತು, 1972ಕ್ಕೆ ಮುಗೀತು. ಮೂಲ ಸಾಮರ್ಥ್ಯ ಸುಮಾರು 300 ಟಿಎಂಸಿ, ಅಂದ್ರೆ ಆರು ಕೆಆರ್‌ಎಸ್.

ಅಣೆಕಟ್ಟು ಬಂದಮೇಲೆ ನದಿ ಶಾಂತವಾಯ್ತು. ವಜ್ರ, ಪವರ್‌ಲೂಮ್ ಎರಡೂ ಬೆಳೆದವು, ಸೌರಾಷ್ಟ್ರದಿಂದ, ಒಡಿಶಾದಿಂದ ಜನ ಬಂದರು. 1961ರಲ್ಲಿ 3 ಲಕ್ಷಕ್ಕೂ ಕಡಿಮೆ ಇದ್ದ ಊರು 2011ಕ್ಕೆ 44 ಲಕ್ಷ ದಾಟಿತು. ಹಿಂದೆ ನೆರೆ ಹರಡಿಕೊಳ್ತಿದ್ದ ತಗ್ಗು ಜಾಗಗಳಲ್ಲಿ ಅಪಾರ್ಟ್‌ಮೆಂಟ್ ಎದ್ದವು. ಚರಂಡಿ ಮಾತ್ರ ಆ ವೇಗದಲ್ಲಿ ಬೆಳೀಲಿಲ್ಲ. 1994ರಲ್ಲಿ ಜೋರು ಮಳೆಗಾಲ ಮುಗೀತಾ ಇದ್ದ ಹಾಗೆ, ಸೆಪ್ಟೆಂಬರ್‌ನಲ್ಲಿ ಪ್ಲೇಗ್ ಸುದ್ದಿ ಬಂತು. ಕೆಲವೇ ದಿನದಲ್ಲಿ ಲಕ್ಷಾಂತರ ಜನ ರೈಲು ಹತ್ತಿ ಊರು ಬಿಟ್ಟರು. ದೇಶದಲ್ಲಿ ಒಟ್ಟು ಸತ್ತವರು ಐವತ್ತರ ಆಸುಪಾಸು, ಭಯ ಮಾತ್ರ ಪ್ರಪಂಚದಾದ್ಯಂತ. ಮರುವರ್ಷ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಅಧಿಕಾರಿಗಳನ್ನ ದಿನಾ ಬೀದಿಗಿಳಿಸಿ ಕಸ, ಚರಂಡಿ ಸರಿ ಮಾಡಿಸಿದರು. ಎರಡೇ ವರ್ಷದಲ್ಲಿ ಅದೇ ಊರಿಗೆ ದೇಶದ ಸ್ವಚ್ಛ ನಗರಗಳಲ್ಲಿ ಒಂದು ಅನ್ನೋ ಹೆಸರು ಬಂತು. ನಮ್ಮ ಊರುಗಳು ಸರಿಹೋಗಲ್ಲ ಅನ್ನೋರಿಗೆ ನಾನು ಕೊಡೋ ಉದಾಹರಣೆ ಇದೇ.

ಆದರೆ ನದಿಯ ಲೆಕ್ಕ ಬೇರೆ. 2006ರ ಆಗಸ್ಟ್ ಮೊದಲ ವಾರಕ್ಕೆ ಉಕಾಯಿಯಲ್ಲಿ ಆಗಲೇ ಸಾಕಷ್ಟು ನೀರಿತ್ತು. ಮೇಲಿನಿಂದ ಮೋಡ, ನೀರು ಎರಡೂ ಜೊತೆಯಾಗಿ ಬಂದವು. ಬಿಡುಗಡೆ ಏರುತ್ತಾ ಏರುತ್ತಾ 9 ಲಕ್ಷ ಕ್ಯೂಸೆಕ್ಸ್ ಮುಟ್ಟಿತು. ಸೂರತ್‌ನ ಹೋಪ್ ಸೇತುವೆ ಹತ್ತಿರ ಅಪಾಯದ ಮಟ್ಟ 9.5 ಮೀಟರ್, ನೀರು 12 ಮೀಟರ್ ದಾಟಿತು. ಆಗಸ್ಟ್ 9 ಹುಣ್ಣಿಮೆ, ರಕ್ಷಾಬಂಧನ, ನಮ್ಮ ಕಡೆಯ ನೂಲು ಹುಣ್ಣಿಮೆ. ಅಂದ್ರೆ ಸಮುದ್ರದ ಕಡೆಯ ಬಾಗಿಲೂ ಅದೇ ದಿನಗಳಲ್ಲಿ ಅರ್ಧ ಮುಚ್ಚಿತ್ತು. ಊರಿನ ಬಹುಭಾಗ ನೀರಿನಲ್ಲಿ.

ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಡಬೇಕಿತ್ತು ಅಂತ ಟೀಕೆ ಬಂತು. ಮಳೆಯೇ ಅಸಾಧಾರಣ ಅಂತ ಸರ್ಕಾರದ ಉತ್ತರ. ಎಂಜಿನಿಯರ್ ಆಗಿ ನನಗೆ ಕಾಣೋದು ಇಷ್ಟು: ನೆರೆ ತಡೆಯೋಕೆ ಜಲಾಶಯದಲ್ಲಿ ಖಾಲಿ ಜಾಗ ಇರಬೇಕು, ನೀರಾವರಿಗೂ ವಿದ್ಯುತ್ತಿಗೂ ಅದು ತುಂಬಿರಬೇಕು. ಒಂದೇ ಜಾಗವನ್ನ ಇಬ್ಬರಿಗೆ ಮಾರಿದ ಹಾಗೆ. ಯಾವ ತಾರೀಖಿಗೆ ಎಷ್ಟು ಮಟ್ಟ ಇರಬೇಕು ಅಂತ ಒಂದು ಪಟ್ಟಿ ಇರುತ್ತೆ, ಆದರೆ ಮುಂದೆ ಮಳೆ ಬರದೆ ಹೋದ್ರೆ ಬಿಟ್ಟ ನೀರಿಗೆ ಯಾರು ಹೊಣೆ ಅನ್ನೋ ಹೆದರಿಕೆ ಗೇಟಿನ ಮುಂದೆ ಕೂತವರಿಗೆ ಇದ್ದೇ ಇರುತ್ತೆ. ಹಾಗಂತ ಕೆಳಗಿನ ಜನಕ್ಕೆ ತಾಸುಗಳ ಮುಂಚೆಯಷ್ಟೇ ಗೊತ್ತಾದ್ರೆ ಅದನ್ನ ಒಪ್ಪೋಕಾಗಲ್ಲ. ಆ ವರ್ಷ ಒಳಹರಿವು ಹೊರಹರಿವಿಗಿಂತ ಹೆಚ್ಚಿತ್ತು ಅನ್ನೋದೂ ನಿಜ. ಅಣೆಕಟ್ಟು ಇಲ್ಲದಿದ್ದರೆ ಇನ್ನೂ ಕೆಟ್ಟದಾಗ್ತಿತ್ತು.

ಆಫೀಸಿನಲ್ಲಿ ನನ್ನ ಪಕ್ಕ ಕೂರೋ ಗೆಳೆಯ ಸೂರತ್‌ನವನು, ಆಗ ಒಂಬತ್ತನೇ ಕ್ಲಾಸು. ಅವರ ಮನೆಯ ನೆಲಮಾಳಿಗೆ ಪೂರ್ತಿ ಮುಳುಗಿ, ಎರಡು ಕುಟುಂಬ ಮೂರು ದಿನ ಟೆರೇಸ್ ಮೇಲಿದ್ದವಂತೆ. ನೀರಿಗಿಂತ ಆಮೇಲೆ ಉಳಿದ ಕೆಸರು ತೆಗೆಯೋದೇ ಹೆಚ್ಚು ಕಷ್ಟ ಆಯ್ತು ಅಂತಾನೆ. ಈಗಲೂ ಆಗಸ್ಟ್ ಬಂದ್ರೆ ಮೀಟಿಂಗ್ ಮಧ್ಯದಲ್ಲಿ ಫೋನ್ ತೆಗೆದು ಉಕಾಯಿ ಮಟ್ಟ ನೋಡ್ತಾನೆ. 345 ಅಡಿ ಅಂದ್ರೆ ಭರ್ತಿ. 335 ಆಗಿದ್ದರೆ ಅಮ್ಮನಿಗೆ ಒಂದು ಮೆಸೇಜ್ ಹಾಕಿ ಮತ್ತೆ ಕೆಲಸಕ್ಕೆ ಕೂರ್ತಾನೆ. 340 ದಾಟಿದ್ದರೆ ಎದ್ದು ಹೊರಗೆ ಹೋಗಿ ಫೋನೇ ಮಾಡ್ತಾನೆ.

ಮುಂದಿನ ವಿಡಿಯೋದಲ್ಲಿ ವಡೋದರಾ, ವಿಶ್ವಾಮಿತ್ರಿ ನದಿ ಮತ್ತು ಅದರ ಮೊಸಳೆಗಳು.