ಯಂತ್ರವನ್ನು ಎಬ್ಬಿಸುವ ವಿದ್ಯೆ

ರೇಡಿಯೋದ ಗುಂಡಿಯನ್ನು ತಿರುಗಿಸಿದರೆ ನಿಮ್ಮ ಮನೆಯಲ್ಲಿ ಧ್ವನಿ ಕೇಳಿಬರುತ್ತದೆ. ಅದು ಮಾಡಬೇಕಾದ ಕೆಲಸವೆಲ್ಲ ಅದರ ತಂತಿಗಳ ಜೋಡಣೆಯಲ್ಲೇ ಅಡಗಿದೆ. ಗಣಕಯಂತ್ರದ ಸಂಗತಿ ಹಾಗಲ್ಲ. ವಿದ್ಯುತ್ತು ಹರಿದ ಮಾತ್ರಕ್ಕೆ ಅದಕ್ಕೆ ತನ್ನ ಕೈಕಾಲುಗಳ ಪರಿಚಯವಾಗುವುದಿಲ್ಲ. ಆ ಪರಿಚಯ ಮಾಡಿಸಿ ಯಂತ್ರವನ್ನು ನಡೆಸುವ ಆದೇಶಗಳ ಸಮೂಹವೇ ಆಪರೇಟಿಂಗ್ ಸಿಸ್ಟಂ. ಒಂದೊಂದು ಅಂಗದ ಭಾಷೆಯನ್ನು ಬಲ್ಲ ದುಭಾಷಿಯೇ ಡ್ರೈವರ್. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ ಇವುಗಳನ್ನು ಹಗಲಿರುಳೂ ಕಾಯುವ ಸರ್ವರ್ ಎಂಬ ಯಂತ್ರಕ್ಕೆ ಇವೆರಡೂ ಪ್ರಾಣಸಮಾನ.

ಮೊದಮೊದಲು ಈ ಏರ್ಪಾಡೇ ಇರಲಿಲ್ಲ. ಒಬ್ಬರ ಲೆಕ್ಕ ಮುಗಿದ ಮೇಲೆ ಮತ್ತೊಬ್ಬರು ಬಂದು ಕಾರ್ಡುಗಳನ್ನು ಜೋಡಿಸುವವರೆಗೆ ಅಷ್ಟು ಬೆಲೆಯ ಯಂತ್ರ ಸುಮ್ಮನೆ ನಿಂತಿರುತ್ತಿತ್ತು. ಈ ನಷ್ಟವನ್ನು ತಪ್ಪಿಸಲೆಂದು 1956ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಯಂತ್ರಕ್ಕಾಗಿ, ಒಂದು ಕೆಲಸದ ಹಿಂದೆಯೇ ಇನ್ನೊಂದನ್ನು ತಾನಾಗಿ ಕೈಗೆತ್ತಿಕೊಳ್ಳುವ ವ್ಯವಸ್ಥೆಯನ್ನು ರಚಿಸಿದವು. 1964ರಲ್ಲಿ ಐಬಿಎಂ ಸಂಸ್ಥೆ ಸಿಸ್ಟಂ 360 ಎಂಬ ಯಂತ್ರಕುಟುಂಬವನ್ನು ಪ್ರಕಟಿಸಿತು. ಅದರ ಆಪರೇಟಿಂಗ್ ಸಿಸ್ಟಂ ರಚನೆಗೆ ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ದುಡಿದರೂ ಕೆಲಸ ಹೇಳಿದ ಕಾಲಕ್ಕೆ ಮುಗಿಯಲಿಲ್ಲ. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು ಆ ಕಾರ್ಯದ ಮುಖಂಡ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದರು.

ಈ ಭಾರಕ್ಕೆ ವಿರುದ್ಧವಾದ ಹಾದಿಯನ್ನು 1969ರಲ್ಲಿ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಹಿಡಿದರು. ಅವರ ಯೂನಿಕ್ಸ್ ಚಿಕ್ಕದು, ಸರಳವಾದುದು. ಟೇಪು, ಡಿಸ್ಕು, ಟೈಪ್‌ರೈಟರು ಎಲ್ಲವನ್ನೂ ಅದು ಕಡತಗಳಂತೆಯೇ ಕಾಣುತ್ತಿತ್ತು. ಅಂಗಗಳ ನಡುವಣ ಭೇದವನ್ನು ಡ್ರೈವರುಗಳೇ ನುಂಗಿಕೊಳ್ಳುತ್ತಿದ್ದವು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ಪುನಃ ಬರೆದುದರಿಂದ ಬೇರೆ ಬೇರೆ ಯಂತ್ರಗಳಿಗೆ ಒಗ್ಗಿಸುವುದು ಸುಲಭವಾಯಿತು.

ಇಲ್ಲಿ ಒಂದು ಸ್ವಾರಸ್ಯವಾದ ತೊಡಕನ್ನು ಗಮನಿಸಿ. ಡಿಸ್ಕನ್ನು ಓದಲು ಡ್ರೈವರ್ ಬೇಕು. ಡ್ರೈವರ್ ಇರುವುದೋ ಆ ಡಿಸ್ಕಿನಲ್ಲೇ! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತಾಯಿತು. 1965ರಲ್ಲಿ ಬಂದ ಪಿಡಿಪಿ 8 ಯಂತ್ರದಲ್ಲಿ ಮನುಷ್ಯನೇ ಎದುರಿನ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಕೆಲವೇ ಆದೇಶಗಳನ್ನು ತುಂಬುತ್ತಿದ್ದ. ಅಷ್ಟರಿಂದ ಯಂತ್ರ ಕಾಗದದ ಟೇಪನ್ನು ಓದಲು ಕಲಿತು, ಉಳಿದುದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಮುಂದೆ ಈ ಮೊದಲ ಪಾಠವನ್ನು ಯಂತ್ರದೊಳಗಿನ ಚಿಪ್ಪಿನಲ್ಲೇ ಅಚ್ಚೊತ್ತಿಟ್ಟರು.

ಆದರೂ ತೊಡಕು ಪೂರ್ತಿ ನೀಗಲಿಲ್ಲ. ವಿಂಡೋಸ್ 2000 ಮತ್ತು ಸರ್ವರ್ 2003ರ ಕಾಲದಲ್ಲಿ, ಹೊಸ ಬಗೆಯ ಡಿಸ್ಕು ನಿಯಂತ್ರಕವಿದ್ದರೆ ಸ್ಥಾಪನೆಯ ಆರಂಭದಲ್ಲೇ ಎಫ್ 6 ಕೀಲಿಯನ್ನು ಒತ್ತಿ, ಡ್ರೈವರನ್ನು ಫ್ಲಾಪಿಯಿಂದ ಕೊಡಬೇಕಾಗಿತ್ತು. ಆ ಕ್ಷಣ ತಪ್ಪಿದರೆ, ಡಿಸ್ಕುಗಳು ಕಣ್ಣೆದುರಿಗೇ ಇದ್ದರೂ ಯಂತ್ರ ‘ಡಿಸ್ಕಿಲ್ಲ’ ಎನ್ನುತ್ತಿತ್ತು. ಲಿನಕ್ಸ್ ಬೇರೊಂದು ಉಪಾಯ ಹೂಡಿತು: ಬೇಕಾದ ಡ್ರೈವರುಗಳ ಸಣ್ಣ ಬುತ್ತಿಯನ್ನು ಮೊದಲೇ ಸ್ಮೃತಿಗೆ ಏರಿಸಿಕೊಂಡು ಹೊರಡುವುದು.

ಇನ್ನು, ಈ ದುಭಾಷಿಯ ಮಾತು ಯಾರ ಸೊತ್ತು? ಸುಮಾರು 1980ರಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆ ತಿಳಿಸುವ ಏರ್ಪಾಡು ಮಾಡಬಯಸಿದರು. ಅದಕ್ಕೆ ಬೇಕಾದ ಮೂಲ ಆದೇಶಗಳು ಅವರಿಗೆ ದೊರೆಯಲಿಲ್ಲ. ಗುಟ್ಟು ಕಾಯುವ ಕರಾರು ಅಡ್ಡಬಂದಿತ್ತು. ಈ ಕಹಿ ಅನುಭವವೂ ಸೇರಿ, 1983ರಲ್ಲಿ ಅವರು ಎಲ್ಲರೂ ಓದಿ ತಿದ್ದಬಹುದಾದ ಗ್ನೂ ವ್ಯವಸ್ಥೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಪ್ರಕಟಿಸಿ, ಮರುವರ್ಷ ಗ್ನೂ ಪರವಾನಗಿಯಡಿ ತಂದರು. ಇಂದು ಜಗತ್ತಿನ ಅಸಂಖ್ಯ ಸರ್ವರುಗಳು ಅದರಿಂದ ನಡೆಯುತ್ತಿವೆ.

ತಯಾರಕರು ಕೈಬಿಟ್ಟ ಹಳೆಯ ಅಂಗಕ್ಕೂ ಅದರ ಡ್ರೈವರಿನ ಮೂಲ ಬಹಿರಂಗವಾಗಿದ್ದರೆ ಬಲ್ಲವರಾರಾದರೂ ಮರುಜೀವ ಕೊಡಬಹುದು. ಗುಟ್ಟಾಗಿದ್ದರೆ ಗಟ್ಟಿಮುಟ್ಟಾದ ಯಂತ್ರವೂ ಮೂಲೆಗೆ ಸೇರಬೇಕಾದೀತು. ಯಂತ್ರವನ್ನು ಎಬ್ಬಿಸುವ ವಿದ್ಯೆ ಎಷ್ಟು ಜನರ ಕೈಯಲ್ಲಿದೆಯೋ, ಅಷ್ಟರಮಟ್ಟಿಗೆ ಆ ಯಂತ್ರ ನಮ್ಮದು.