ಹುಳುವಿಲ್ಲದ ಹುಳುಕಡ್ಡಿ

ಎಳೆಯ ಮಕ್ಕಳ ತಲೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೂದಲುದುರಿಸುವ ವ್ಯಾಧಿಯನ್ನು ನಮ್ಮ ಜನರು ಹುಳುಕಡ್ಡಿಯೆಂದು ಕರೆದರು. ಆಂಗ್ಲರೂ ಹುಳುವಿನ ಹೆಸರನ್ನೇ ಇಟ್ಟರು. ಆದರೆ ಅಲ್ಲಿ ಹುಳುವೆಂಬುದೇ ಇಲ್ಲ. 1843ರಲ್ಲಿ ಪ್ಯಾರಿಸ್ ನಗರದ ವೈದ್ಯನಾದ ಡೇವಿಡ್ ಗ್ರೂಬಿಯು ರೋಗ ತಗುಲಿದ ಕೂದಲನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಅದನ್ನು ಮುತ್ತಿದ್ದ ಬೂಷ್ಟನ್ನು ವರ್ಣಿಸಿದನು.

ಕಾರಣವು ತಿಳಿದರೂ ಮದ್ದು ದೊರೆಯಲಿಲ್ಲ; ಲೇಪನಗಳು ಕೂದಲಿನ ಬುಡದೊಳಕ್ಕೆ ಇಳಿಯಲಾರದೆ ಹೋದವು. 1904ರಲ್ಲಿ ಅದೇ ನಗರದ ಸಬೂರೋ ಎಂಬ ಪಂಡಿತನು ಎಕ್ಸ್-ಕಿರಣಗಳಿಂದ ರೋಗದ ಕೂದಲನ್ನು ಉದುರಿಸಿ, ಹೊಸ ಕೂದಲು ಬೆಳೆಯಗೊಡುವ ಕ್ರಮವನ್ನು ಪ್ರಕಟಿಸಿದನು. ಅನೇಕ ದೇಶಗಳು ಇದನ್ನು ಕೈಕೊಂಡವು. 1948ರ ತರುವಾಯ ಇಸ್ರೇಲಿಗೆ ವಲಸೆ ಬಂದ ಸಾವಿರಾರು ಮಕ್ಕಳಿಗೂ ಈ ಚಿಕಿತ್ಸೆ ನಡೆಯಿತು. ಕೂದಲೇನೋ ಬೆಳೆಯಿತು, ಆದರೆ ಅವರಲ್ಲಿ ತಲೆ ಕತ್ತುಗಳ ಗೆಡ್ಡೆಗಳು ಹೆಚ್ಚೆಂಬುದು 1974ರ ಅಧ್ಯಯನದಿಂದ ಹೊರಬಿದ್ದಿತು.

1939ರಲ್ಲಿ ಒಂದು ಬೂಷ್ಟಿನಿಂದಲೇ ಬೇರ್ಪಡಿಸಿದ ಗ್ರಿಸಿಯೊಫಲ್ವಿನ್ ಈ ರೋಗಕ್ಕೆ ನುಂಗುವ ಮದ್ದಾಗಬಲ್ಲುದೆಂದು 1958ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಕಂಡುಬಂದಿತು. ಅಲ್ಲಿಂದ ಮುಂದೆ ಕಿರಣಗಳ ಅಗತ್ಯವೇ ತಪ್ಪಿತು.

ಶ್ರೋತೃಗಳೇ, ಇಂದಿಗೂ ತಲೆಯ ಹುಳುಕಡ್ಡಿಗೆ ಲೇಪನವೊಂದನ್ನೇ ನಂಬಬಾರದು. ವೈದ್ಯರು ವಿಧಿಸಿದಷ್ಟು ವಾರಗಳೂ ಔಷಧವನ್ನು ಬಿಡದೆ ನುಂಗಿಸಬೇಕು. ಬಾಚಣಿಗೆ, ಟೊಪ್ಪಿಗೆಗಳನ್ನು ಬೇರೆಯಾಗಿಡಬೇಕು. ತಡಮಾಡದಿದ್ದರೆ ಕೂದಲು ಬಹುಮಟ್ಟಿಗೆ ಮರಳಿ ಬರುವುದು. ಮಗುವನ್ನು ಹೀಯಾಳಿಸಲು ಕಾರಣವಾದರೂ ಏನು?